ಗೀಟು ಎಳೆದ ಕೈ

ಡಿಸ್ಟ್ರಿಬ್ಯೂಟರನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕೊಟ್ಟಾಗ ಹೆಂಡತಿ ಅದನ್ನು ಕೈಗೂಸಿನ ಹಾಗೆ ಎದೆಗೆ ಆನಿಸಿಕೊಂಡು ಸ್ಕೂಟರಿನ ಹಿಂದೆ ಕುಳಿತಳು. "ಬಟ್ಟೆಗೆ ಎಣ್ಣೆ ಆಗಲ್ಲ ತಾನೆ?" ಎಂದಳು. "ಪೆಟ್ರೋಲಿನಲ್ಲಿ ತೊಳೆದಿದ್ದೀನಿ" ಅಂದ. ತೊಳೆದದ್ದು ಒಂದು ಸಲವಲ್ಲ. ಗುರುವಾರ ಸಂಜೆ ಒಮ್ಮೆ, ನಿನ್ನೆ ಮತ್ತೊಮ್ಮೆ. ಅಷ್ಟು ತೊಳೆಯುವ ಅಗತ್ಯವೇನೂ ಇರಲಿಲ್ಲ ಎಂಬುದು ಮೊದಲ ತಿರುವಿನಲ್ಲಿ ಹೊಳೆದು ಬ್ರೇಕನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತಿದ. ಗಂಟು ಅವನ ಬೆನ್ನಿಗೆ ಬಡಿಯಿತು. ಎಂಜಿನ್ನಿನ ಆರು ಸಿಲಿಂಡರುಗಳಿಗೂ ಸರದಿಯ ಪ್ರಕಾರ ಕಿಡಿ ಹಂಚುವ ಈ ಪುಟ್ಟ ಸಾಧನ ಮಾವನ ಹಳೆಯ ಕಾರಿನದು. ಮದುವೆಯಾದ ವರ್ಷದಿಂದ ಅದನ್ನು ಬಿಚ್ಚಿದವನೂ ಅವನೇ, ಜೋಡಿಸಿದವನೂ ಅವನೇ. ಒಳಗಿನ ಎರಡು ಗುಂಡುಗಳು ವೇಗ ಹೆಚ್ಚಿದಂತೆ ಹೊರಗೆ ಸರಿದು ಕಿಡಿಯನ್ನು ಸ್ವಲ್ಪ ಮುಂಚಿತವಾಗಿ ಹಾರಿಸುತ್ತಿದ್ದವು. ಆ ಗುಂಡುಗಳನ್ನು ಹಿಡಿದಿಡುವ ಸ್ಪ್ರಿಂಗುಗಳನ್ನು ಡಬ್ಬಿಗಟ್ಟಲೆ ತರಿಸಿ, ಒಂದೊಂದನ್ನೂ ಬೆರಳಲ್ಲಿ ಎಳೆದು ನೋಡಿ ಆರಿಸಿದ್ದ. ಈಗ ಗುಂಡುಗಳಿಗೆ ಕೆಲಸವಿಲ್ಲ. ಕಿಡಿ ಯಾವಾಗ ಹಾರಬೇಕೆಂದು ಷಡ್ಡಕ ಕಾರಿಗೆ ಹೊಸದಾಗಿ ಕೂರಿಸಿದ ಕಂಪ್ಯೂಟರ್ ತೀರ್ಮಾನಿಸುತ್ತದೆ, ಪೆಟ್ರೋಲನ್ನೂ ಅದೇ ಅಳೆದು ಚಿಮ್ಮಿಸುತ್ತದೆ. ಡಿಸ್ಟ್ರಿಬ್ಯೂಟರ್ ಬರೀ ಹಂಚಬೇಕು. "ಭಾವ, ಪಾಯಿಂಟ್ ತೆಗೆದು ನನ್ನ ಸೆನ್ಸರ್ ಕೂರಿಸಿ, ಆ ಗುಂಡಿನ ವೇಟ್ಸ್ ಲಾಕ್ ಮಾಡಿಬಿಡಿ, ಅಷ್ಟು ಸಾಕು" ಎಂದು ಷಡ್ಡಕ ಫೋನಿನಲ್ಲಿ ಹೇಳಿದ್ದ. ಅಷ್ಟು ಸಾಕು. ಆ ಎರಡು ಪದಗಳನ್ನು ಅವನು ವಾರವಿಡೀ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ನಾಲಿಗೆಯಿಂದ ತಡವುತ್ತ ಬಂದಿದ್ದ.

ಭಾನುವಾರಗಳಲ್ಲಿ ಮಾವನೂ 'ಸಾಕು' ಅನ್ನುತ್ತಿದ್ದರು. ಶೆಡ್ಡಿನಲ್ಲಿ ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, ಅವನು ಡಿಸ್ಟ್ರಿಬ್ಯೂಟರಿನ ಮೈಯನ್ನು ಕೂದಲೆಳೆಯಷ್ಟು ತಿರುಗಿಸುವಾಗ ಅವರು ಮಡ್ಗಾರ್ಡಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ನಿಂತಿರುತ್ತಿದ್ದರು. "ಇನ್ನೊಂದು ಚೂರು... ಹಾಂ... ಇಲ್ಲ, ಹಿಂದೆ ತನ್ನಿ... ಸಾಕು." ಮಾವನ ಬಾಯಿಂದ ಅವನಿಗೆ ಸಿಕ್ಕ ಹೊಗಳಿಕೆಯೆಂದರೆ ಅದೊಂದೇ. ಸರ್ವೇಯರ್ ಆಗಿ ನಿವೃತ್ತರಾದವರು. ಮಾತನ್ನೂ ಅಳತೆಪಟ್ಟಿ ಹಿಡಿದೇ ಆಡುತ್ತಿದ್ದರು. ಕಾರಿಗೆ 'ದೊರೆಸಾನಿ' ಎಂದು ಹೆಸರಿಟ್ಟಿದ್ದರು, ಹಿರಿಯ ಅಳಿಯನಿಗೆ ಮಾತ್ರ ಯಾವ ಅಡ್ಡಹೆಸರೂ ಇಟ್ಟಿರಲಿಲ್ಲ. ಅದನ್ನು ಅವನು ಗೌರವವೆಂದೇ ತಿಳಿದಿದ್ದ. ಕಿರಿಯ ಅಳಿಯ ಬಂದು ವರ್ಷ ತುಂಬುವುದರೊಳಗೆ "ಲೋ ಮಾಂತ್ರಿಕ, ಬಾರೋ ಇಲ್ಲಿ" ಎಂದು ಮಾವ ಕೂಗಿದ ದಿನ ಅವನು ಜಗಲಿಯಲ್ಲಿ ಚಪ್ಪಲಿ ಬಿಡುತ್ತಿದ್ದ. ಒಂದು ಕಾಲಿನದು ಬಿಟ್ಟು ಇನ್ನೊಂದು ಹಾಕಿಕೊಂಡೇ ಎಷ್ಟೋ ಹೊತ್ತು ನಿಂತಿದ್ದ.

"ರೀ, ಹಸಿರು ದೀಪ" ಎಂದು ಹೆಂಡತಿ ತಟ್ಟಿದಳು. ಹಿಂದಿನ ಲಾರಿ ಹಾರ್ನ್ ಹೊಡೆಯಿತು. "ಎಲ್ಲಿದೆ ನಿಮ್ಮ ಜ್ಞಾನ? ಗುರುವಾರದಿಂದ ನೋಡ್ತಿದೀನಿ, ಹುಣಸೆಹಣ್ಣು ಅಗಿದವರ ಹಾಗೆ ಮುಖ." "ಬಿಸಿಲು" ಅಂದ. "ಹೌದು, ಮನೆ ಒಳಗೂ ಬಿಸಿಲು" ಎಂದು ಅವಳು ನಕ್ಕಳು. ನಗು ಅವನಿಗೆ ಇಷ್ಟವಾಗಲಿಲ್ಲ. ತಂಗಿಯ ಗಂಡನ ಮಾತಿಗೆ ಅವಳು ನಗುವುದು ಬೇರೆ ತರಹ, ತಲೆ ಹಿಂದಕ್ಕೆ ಎಸೆದು. ಅದನ್ನು ಹೋಲಿಸಿ ನೋಡುವ ಸಣ್ಣತನ ತನ್ನಲ್ಲಿದೆ ಎಂದು ಗೊತ್ತಿದ್ದೂ ಪ್ರತಿ ಸಲ ಹೋಲಿಸಿಯೇ ನೋಡುತ್ತಿದ್ದ.

ಗುರುವಾರ ಸಂಜೆ ತನ್ನ ಲೇತಿನ ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಪಕ್ಕದ ಬೀಗ ರಿಪೇರಿಯವನು ಬಾಗಿಲು ಹಾಕಿಕೊಂಡು ಹೋಗಿದ್ದ. ಕಿಡಿಯ ಹೊತ್ತಿಗೆ ತೆರೆದುಕೊಳ್ಳುವ ಪಾಯಿಂಟುಗಳನ್ನು ದೂಡುತ್ತಿದ್ದ ಆರು ಮೂಲೆಯ ಕ್ಯಾಮನ್ನು ಲೇತಿಗೆ ಕಟ್ಟಿ ಸವರಿ ದುಂಡಗೆ ಮಾಡಿದ. ಇಷ್ಟು ವರ್ಷ ಎಣ್ಣೆ ಸವರಿ ಸಾಕಿದ ಮೂಲೆಗಳು ಸುರುಳಿ ಸುರುಳಿಯಾಗಿ ಟ್ರೇಗೆ ಬಿದ್ದವು. ಅದರ ಮೇಲೆ ಷಡ್ಡಕ ಕೊಟ್ಟ, ಸೆನ್ಸರಿಗೆಂದು ಕಿಟಕಿ ಕೊರೆದ ಚಕ್ರವನ್ನು ಕೂರಿಸಿದ. ಕೆಲಸ ಅಚ್ಚುಕಟ್ಟಾಗಿ ಆಯಿತು, ಒಂದು ಕೂದಲು ತೂರುವಷ್ಟೂ ಸಡಿಲವಿರಲಿಲ್ಲ. ಉಳಿದದ್ದು ಲಾಕ್ ಮಾಡುವುದು. ಡಿಸ್ಟ್ರಿಬ್ಯೂಟರಿನ ಕಂಬ ಎರಡು ತುಂಡು. ಮೇಲಿನದು ಕೆಳಗಿನದರ ಮೇಲೆ, ಗುಂಡುಗಳು ಸರಿದಂತೆಲ್ಲ, ಒಂದಿಷ್ಟು ತಿರುಗುತ್ತದೆ. ತಿರುಗದ ಹಾಗೆ ಎರಡಕ್ಕೂ ಸೇರಿಸಿ ತೂತು ಕೊರೆದು ಪಿನ್ ಹೊಡೆದರೆ ಮುಗಿಯಿತು. ಆದರೆ ಎಲ್ಲಿ ಹೊಡೆಯುವುದು? ಕಂಬದ ತಲೆಯ ಮೇಲೆ ಕೂತ ರೋಟರ್ ಕಿಡಿಯನ್ನು ಹೊತ್ತು ಸುತ್ತುತ್ತ ಕ್ಯಾಪಿನ ಆರು ಗೂಟಗಳಿಗೆ ಒಂದೊಂದಾಗಿ ತಲುಪಿಸಬೇಕು. ಕಂಪ್ಯೂಟರ್ ವೇಗಕ್ಕೆ ತಕ್ಕಂತೆ ಕಿಡಿಯನ್ನು ಬೇಗ ಬೇಗ ಕರೆಯುತ್ತದೆ. ರೋಟರನ್ನು ಅದರ ತೀರ ಹಿಂದಿನ ನೆಲೆಯಲ್ಲೇ ಲಾಕ್ ಮಾಡಿದರೆ ನಿಧಾನದಲ್ಲಿ ಎಲ್ಲ ಚೆನ್ನ. ವೇಗ ಹೆಚ್ಚಿದಾಗ ಮಾತ್ರ ಕಿಡಿಗೆ ಕರೆ ಬರುವ ಹೊತ್ತಿಗೆ ರೋಟರ್ ಇನ್ನೂ ಗೂಟದ ಬಳಿ ಬಂದೇ ಇರುವುದಿಲ್ಲ, ಬಸ್ಸು ನಿಲ್ದಾಣಕ್ಕೆ ಬರುವ ಮುಂಚೆಯೇ ಪ್ರಯಾಣಿಕ ಬಾಗಿಲಿಂದ ಧುಮುಕಿದ ಹಾಗೆ. ನಡುವೆ ಲಾಕ್ ಮಾಡಿದರೆ ಎರಡು ಕಡೆಗೂ ಸರಿಹೋಗುತ್ತದೆ. ಇದನ್ನು ಷಡ್ಡಕ ಹೇಳಿರಲಿಲ್ಲ. ಮರೆತಿದ್ದನೋ, ಯೋಚಿಸಿಯೇ ಇರಲಿಲ್ಲವೋ. ಇವನ ಕೈಗೆ ಮಾತ್ರ ಯಾರೂ ಹೇಳಬೇಕಾಗಿರಲಿಲ್ಲ. ಕಂಬದ ಮೇಲಿನ ತುಂಡಿನ ತಟ್ಟೆಯನ್ನು ಹೆಬ್ಬೆರಳಿಂದ ಅರ್ಧಕ್ಕೆ ತಳ್ಳಿ ಹಿಡಿದು, ಗೀಟುಕಡ್ಡಿ ತೆಗೆದು, ಅದರಿಂದ ಕೆಳಗಿನ ತುಂಡಿನ ತಟ್ಟೆಗೆ ಸಣ್ಣದೊಂದು ಗೀಟು ಎಳೆದುಬಿಟ್ಟಿತು. ಕೊರೆಯುವ ಮೊದಲು ಗೀಟು. ಕಸುಬು ಕಲಿತಾಗಿನಿಂದ ಹಾಗೆಯೇ.

ಆಮೇಲೆ ಅವನು ಹೆಬ್ಬೆರಳು ತೆಗೆದ. ಸ್ಪ್ರಿಂಗುಗಳು ಇನ್ನೂ ಇದ್ದವು. ಟಕ್ ಎಂದು ತಟ್ಟೆ ತನ್ನ ಹಿಂದಿನ ನೆಲೆಗೆ ಹೋಯಿತು. ಲಾಕ್ ಮಾಡಿ ಅಂದಿದ್ದ ಷಡ್ಡಕ, ಅಷ್ಟು ಸಾಕು ಅಂದಿದ್ದ. ಆ ಟಕ್ ಎಂಬ ಸದ್ದಿನ ಜಾಗದಲ್ಲೇ ಡ್ರಿಲ್ ಇಳಿಸಿದ. ಪಿನ್ ಹೊಡೆದ. ಹೊಡೆಯುವಾಗ ಎದೆಯಲ್ಲಿ ಒಂದು ಹಿತ ಹರಡಿತು, ತುರಿಕೆಯನ್ನು ಉಗುರಿನಿಂದ ಕೆರೆದಾಗ ಆಗುವಂಥದು. ಸುಳ್ಳು ಹೇಳಿಲ್ಲ, ಕೆಲಸ ಕೆಡಿಸಿಲ್ಲ, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದೇನೆ ಎಂದು ಪೆಟ್ರೋಲಿನಲ್ಲಿ ಬ್ರಷ್ ಅದ್ದುತ್ತ ತನಗೆ ತಾನೇ ಅಂದುಕೊಂಡ. ಅಂದುಕೊಳ್ಳುವುದು ಇನ್ನೂ ಮುಗಿದಿರಲಿಲ್ಲ, ಸ್ಕೂಟರ್ ಮಾವನ ಗೇಟಿನ ಮುಂದೆ ನಿಂತಿತ್ತು.

ಶೆಡ್ಡಿನಲ್ಲಿ ಅವನ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇತ್ತು. ಸ್ಟೂಲು ಅವನದೇನಲ್ಲ, ಮಾವನದೇ. ಆದರೆ ಅದರ ಕುಂಟುವ ಕಾಲಿಗೆ ರಬ್ಬರ್ ಹಾಕಿದವನು ಅವನು. ಮಾವ ಕುರ್ಚಿ ಎಳೆದುಕೊಂಡು, ಓದುವ ಕನ್ನಡಕ ಏರಿಸಿಕೊಂಡು, ಪರದೆಗೆ ಮುಖ ಕೊಟ್ಟು ಕುಳಿತಿದ್ದರು. ಕನ್ನಡಕದ ಗಾಜಿನಲ್ಲಿ ಹಸಿರು ಅಂಕಿಗಳು ಓಡುತ್ತಿದ್ದವು. ಕಣ್ಣು ಮುಚ್ಚಿ ಕೇಳುತ್ತಿದ್ದವರು ಈಗ ಕಣ್ಣು ಬಿಟ್ಟು ಓದುತ್ತಿದ್ದಾರೆ. "ಬನ್ನಿ, ಬನ್ನಿ" ಎಂದರು ತಲೆ ಎತ್ತದೆ. ಬಿಚ್ಚಿದ ಕಾರ್ಬ್ಯುರೇಟರ್ ಪ್ಲಾಸ್ಟಿಕ್ ಚೀಲದೊಳಗೆ ಅಟ್ಟದ ಮೇಲೆ ಕುಳಿತಿತ್ತು. ಕಾರಿನಡಿಯಿಂದ ಷಡ್ಡಕ ಹೊರಳಿಕೊಂಡು ಬಂದ. ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ನೋಡಿಕೊಳ್ಳುವವನು, ಅಂಗೈ ಇನ್ನೂ ಮೆತ್ತಗೆ. "ಭಾವ! ತಂದ್ರಾ? ಎರಡು ಸಲ ಕೇಳಿದ್ರು ಮಾವ, ಎಲ್ಲಿ ನಿನ್ನ ಭಾವ ಎಲ್ಲಿ ನಿನ್ನ ಭಾವ ಅಂತ." 'ಭಾವ' ಎಂಬುದು ಷಡ್ಡಕ ತನ್ನ ಹೆಂಡತಿಯ ಬಾಯಿಂದ ಕಲಿತ ಪದ. ಮಾತಿಗೊಂದು ಭಾವ. ಅದನ್ನು ಕೇಳಿದಾಗಲೆಲ್ಲ ಅವನಿಗೆ ಕತ್ತಿನ ಹಿಂಭಾಗದಲ್ಲಿ ನೊಣ ಕೂತಂತಾಗುತ್ತಿತ್ತು.

ಷಡ್ಡಕ ಟವೆಲ್ ಬಿಚ್ಚಿ ಚಕ್ರವನ್ನು ಬೆರಳಿಂದ ತಿರುಗಿಸಿ ನೋಡಿದ. ಒಂದಿಷ್ಟೂ ಓಲಾಡದೆ ತಿರುಗಿತು. "ಮಾವ, ನೋಡಿ ಇಲ್ಲಿ. ನಮ್ಮ ಕಾರ್ಖಾನೇಲಿ ಹೊಸ ಮಷೀನಲ್ಲೂ ಹೀಗೆ ಬರಲ್ಲ." "ಹೂಂ" ಅಂದರು ಮಾವ, ಅಂಕಿಗಳ ಮೇಲಿನ ಕಣ್ಣು ಕದಲಿಸದೆ. ಅವನಿಗೆ ಆ ಹೊಗಳಿಕೆಯೂ ಬೇಡವಾಗಿತ್ತು, ಆ ಹೂಂ ಕೂಡ ಬೇಡವಾಗಿತ್ತು. ಒಂದು ಕ್ಷಣ, ಈಗಲೂ ಹೇಳಬಹುದು ಅನ್ನಿಸಿತು: ಒಂದು ನಿಮಿಷ ಕೊಡಿಲ್ಲಿ, ಪಿನ್ ತಪ್ಪು ಜಾಗದಲ್ಲಿದೆ. ಅಷ್ಟರಲ್ಲಿ ನಾದಿನಿ ಟೀ ತಂದಳು. ತಟ್ಟೆ ಮೊದಲು ಮಾವನ ಮುಂದೆ ಹೋಯಿತು, ಆಮೇಲೆ ಅವಳ ಗಂಡನ ಕೈ ಮಸಿಯಾಗಿದ್ದರಿಂದ ಅವಳೇ ಲೋಟ ಎತ್ತಿ ಅವನ ಬಾಯಿಗೆ ಹಿಡಿದಳು, ಎಲ್ಲರೂ ನಕ್ಕರು, ಹೆಂಡತಿ ತಲೆ ಹಿಂದಕ್ಕೆ ಎಸೆದು ನಕ್ಕಳು. ಅವನು ತನ್ನ ಲೋಟವನ್ನು ತಾನೇ ತೆಗೆದುಕೊಂಡು ಕುಡಿದ. ಹೇಳಲಿಲ್ಲ.

ಎಂಜಿನ್ ಮೊದಲ ಸುತ್ತಿಗೇ ಚಾಲೂ ಆಯಿತು. ಅದನ್ನು ಅವನು ಎಣಿಸಿರಲಿಲ್ಲ. ನಿಧಾನದಲ್ಲಿ ಚೆನ್ನಾಗಿ ಓಡುತ್ತದೆಂದು ಲೆಕ್ಕದ ಪ್ರಕಾರ ಗೊತ್ತಿತ್ತು, ಆದರೆ ಇಷ್ಟು ಚೆನ್ನಾಗಿ ಅಲ್ಲ. ದೊರೆಸಾನಿ ಬೆಳಗಿನ ಹೊತ್ತು ಕೆಮ್ಮುತ್ತಾಳೆ, ಮೂರನೆಯ ಸಿಲಿಂಡರ್ ಸ್ವಲ್ಪ ತಡವರಿಸುತ್ತದೆ, ಅದು ಅವಳ ಸ್ವಭಾವ ಎಂದು ಇಷ್ಟು ವರ್ಷ ಅವನೂ ಮಾವನೂ ಒಪ್ಪಿಕೊಂಡಿದ್ದರು. ಈಗ ಕೆಮ್ಮಿಲ್ಲ, ತಡವರಿಕೆಯಿಲ್ಲ. ಮಾವ ಎದ್ದು ಬಂದು ಮಡ್ಗಾರ್ಡಿನ ಮೇಲೆ ಅಂಗೈ ಊರಿದರು, ಕಣ್ಣು ಮುಚ್ಚಿದರು. "ಲೋ ಮಾಂತ್ರಿಕ" ಎಂದರು, "ಕೇಳಿಸ್ತಾನೇ ಇಲ್ಲವಲ್ಲೋ." ಅವರ ಕಿವಿ ಮಂದವಾಗುತ್ತಿದೆ ಎಂದು ಮನೆಮಂದಿಗೆಲ್ಲ ಗೊತ್ತು. ಆದರೂ ಆ ಅಂಗೈ, ಆ ಮುಚ್ಚಿದ ಕಣ್ಣು! ತನ್ನ ಭಾನುವಾರಗಳನ್ನೆಲ್ಲ ಯಾರೋ ಬಂದು ಒಂದೇ ಬೆಳಿಗ್ಗೆ ಬಳಿದುಕೊಂಡು ಹೋದಂತೆ ಅವನಿಗೆ ಅನ್ನಿಸಿತು. ಸ್ವಭಾವ ಅಂದುಕೊಂಡಿದ್ದು ಸ್ವಭಾವವಲ್ಲ, ರೋಗ. ತನ್ನಿಂದ ವಾಸಿಯಾಗದ ರೋಗ. ಓಡಲಿ, ಓಡಲಿ, ನೀರಿನ ಟ್ಯಾಂಕಿನ ರಸ್ತೆಗೆ ಹೋಗಲಿ ಎಂದು ಮನಸ್ಸಿನಲ್ಲೇ ಹಲ್ಲು ಕಡಿದ.

ಷಡ್ಡಕ ಸ್ಟಿಯರಿಂಗಿಗೆ ಕುಳಿತು "ಭಾವ, ಮುಂದೆ ಬನ್ನಿ" ಎಂದ. ಮುಂದೆ ಆಗಲೇ ಮಾವ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಅವನು ಹಿಂದಿನ ಸೀಟಿನಲ್ಲಿ ಟೂಲ್ ಪೆಟ್ಟಿಗೆಯ ಪಕ್ಕ ಮೊಣಕಾಲು ಮಡಿಸಿ ಕುಳಿತ. ಮಾರುಕಟ್ಟೆ ದಾಟುವವರೆಗೂ ಕಾರು ಹೊಳೆಯಲ್ಲಿ ತೇಲಿದ ಹಾಗೆ ಹೋಯಿತು. ಮಾವ ಸಿಕ್ಕವರಿಗೆಲ್ಲ ಕೈ ಬೀಸಿದರು. ಟ್ಯಾಂಕಿನ ನೇರ ರಸ್ತೆಗೆ ಬಂದು ಷಡ್ಡಕ ಆಕ್ಸಿಲರೇಟರ್ ಒತ್ತಿದ. ಅವನು ಕಿಟಕಿಯಿಂದ ಹೊರಗೆ ನೋಡುತ್ತಿದ್ದ, ಆದರೆ ಇಡೀ ಮೈ ಕಿವಿಯಾಗಿತ್ತು. ಬಂತು. ಚಟ್. ಒಂದು ಎಳೆತ, ಆಮೇಲೆ ಚಟ್ ಚಟ್, ಇಡೀ ಕಾರು ಬಿಕ್ಕಳಿಸಿದ ಹಾಗೆ ಕುಲುಕಿತು. "ಏನಾಯ್ತೋ?" ಅಂದರು ಮಾವ. "ಕಿಡಿ ಎಷ್ಟು ಡಿಗ್ರಿ ಮುಂಚೆ ತೋರಿಸ್ತಿದೆ ನೋಡಿ ಮಾವ." "ಮೂವತ್ತಾರು." "ಅದು ಸರಿಯಾಗೇ ಇದೆಯಲ್ಲ..." ಮತ್ತೆ ಒತ್ತಿದ, ಮತ್ತೆ ಬಿಕ್ಕಳಿಕೆ. ರಸ್ತೆ ಬದಿ ನಿಲ್ಲಿಸಿ ಬಾನೆಟ್ ಎತ್ತಿದಾಗ ಸೈಕಲ್ ನಿಲ್ಲಿಸಿದವನೊಬ್ಬ "ಹಳೇ ಗಾಡಿಗೆ ಹೊಸ ವೈರು, ಅತ್ತೆಗೆ ಜೀನ್ಸ್ ಹಾಕ್ಸಿದಂಗಾಯ್ತು" ಎಂದು ನಕ್ಕು ಹೋದ. ಷಡ್ಡಕನ ಕುತ್ತಿಗೆ ಕೆಂಪಾಯಿತು. ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಒತ್ತಿ ನೋಡಿದ, ಕಾಯಿಲ್ ಮುಟ್ಟಿ ಬೆರಳು ಸುಟ್ಟುಕೊಂಡ. ಇದಕ್ಕಾಗಿಯೇ ಕಾದಿದ್ದವನು ತಾನು ಎಂದು ಅವನು ನೆನಪಿಸಿಕೊಂಡ. ಆದರೆ ಬಾಯಿಗೆ ಹಾಕಿದ ಸಿಹಿ ಕರಗದೆ ಬರೀ ಮೇಣದ ಹಾಗೆ ಅಂಟಿಕೊಂಡಿತ್ತು. ಷಡ್ಡಕ ಬೆರಳನ್ನು ಬಾಯಿಗಿಟ್ಟುಕೊಂಡು ತಿರುಗಿ, "ಭಾವ, ನಿಮಗೇನಾದ್ರೂ ಹೊಳೀತಾ?" ಎಂದು ಕೇಳಿದ. "ನಿಂದೆಲ್ಲ ಕಂಪ್ಯೂಟರು" ಅಂದ ಅವನು, "ನಂಗೇನು ಗೊತ್ತು."

ನಿಧಾನವಾಗಿ ಓಡಿಸಿಕೊಂಡು ಶೆಡ್ಡಿಗೆ ಬಂದರು. ನಿಧಾನದಲ್ಲಿ ದೊರೆಸಾನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಹೆಂಡತಿ, ನಾದಿನಿ ಇಬ್ಬರೂ ಬಾಗಿಲಿಗೆ ಬಂದು ನಿಂತರು. ಷಡ್ಡಕ ಕ್ಯಾಪ್ ತೆಗೆದು ರೋಟರನ್ನು ಬೆಳಕಿಗೆ ಹಿಡಿದ. ತುದಿಯ ಒಂದು ಅಂಚಿನಲ್ಲಿ ಮಾತ್ರ ಹೊಸದಾಗಿ ಸುಟ್ಟ ಬಿಳಿಚಿದ ಗುರುತು. ಬಹಳ ಹೊತ್ತು ನೋಡಿದ. ದಡ್ಡನಲ್ಲ; ಅವನ ಮುಖ ತಿಳಿಯಾಗುತ್ತ ಬಂದದ್ದು ಇವನಿಗೆ ಕಾಣಿಸಿತು. "ಥೂ, ನನ್ನ ತಲೆಗಿಷ್ಟು" ಎಂದು ಹಣೆ ಬಡಿದುಕೊಂಡ. "ರೋಟರ್ ಹಿಂದೆ ಉಳೀತಿದೆ. ಕಿಡಿ ಬರೋ ಹೊತ್ತಿಗೆ ಗೂಟ ಮುಟ್ತಿಲ್ಲ." "ಹಾಗಾದ್ರೆ ಲಾಕ್ ಮಾಡಿದ್ರಲ್ಲಿ ಏನಾದ್ರೂ..." ಎಂದು ಮಾವ ಹಿರಿಯ ಅಳಿಯನ ಕಡೆ ಅರ್ಧ ತಿರುಗಿದರು. "ಇಲ್ಲ ಮಾವ, ಭಾವಂದೇನೂ ತಪ್ಪಿಲ್ಲ. ನಾನು ಹೇಳಿದ ಹಾಗೇ ಮಾಡಿದ್ದಾರೆ. ಎಲ್ಲಿ ಲಾಕ್ ಮಾಡ್ಬೇಕು ಅಂತ ನಾನು ಹೇಳಬೇಕಿತ್ತು. ಅವರಿಗೆ ಹೇಗೆ ಗೊತ್ತಾಗ್ಬೇಕು ಇದೆಲ್ಲ, ಪಾಪ."

ಪಾಪ. ಮಾವ "ಅದೂ ನಿಜವೇ" ಎಂದು ತಲೆಯಾಡಿಸಿ ಮತ್ತೆ ಅತ್ತ ತಿರುಗಿದರು. ಬಚಾವಾಗಿದ್ದ. ಯಾರಿಗೂ ಅನುಮಾನವಿಲ್ಲ, ಇನ್ನು ಬಾಯಿ ಮುಚ್ಚಿಕೊಂಡು ನಿಂತರೆ ಸಾಕು. ಇಷ್ಟು ವರ್ಷ ಈ ಶೆಡ್ಡಿನಲ್ಲಿ ಬಗ್ಗಿ ಬೆನ್ನು ನೋಯಿಸಿಕೊಂಡವನಿಗೆ ರೋಟರ್ ಎಲ್ಲಿ ನಿಲ್ಲಬೇಕೆಂದು ಗೊತ್ತಿಲ್ಲ ಎಂದು ಒಬ್ಬ ಅಂದ, ಇನ್ನೊಬ್ಬರು ಒಪ್ಪಿದರು, ಹೆಂಡತಿ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಕನಿಕರವೋ ಏನೋ ಮೂಡಿದ್ದನ್ನು ನೋಡಲಾರದೆ ಅವನು ಅಟ್ಟದ ಮೇಲಿನ ಕಾರ್ಬ್ಯುರೇಟರನ್ನು ನೋಡಿದ. ಷಡ್ಡಕ ಡಿಸ್ಟ್ರಿಬ್ಯೂಟರನ್ನು ಹೊರಗೆ ಎಳೆದುಕೊಂಡಿದ್ದ. "ಮೈ ತಿರುಗಿಸೋಣ ಅಂದ್ರೆ ನೀರಿನ ಪೈಪು ಅಡ್ಡ ಬರುತ್ತೆ. ಪಿನ್ನೇ ಬದಲಾಯಿಸ್ಬೇಕು" ಎನ್ನುತ್ತ ಮೇಲಿನ ಚಕ್ರ ತೆಗೆದು ಟಾರ್ಚ್ ಬಿಟ್ಟ. ಬಿಟ್ಟವನು ಹಾಗೆಯೇ ನಿಂತ. "ಮಾವ, ಬನ್ನಿ ಇಲ್ಲಿ. ನೋಡಿ. ಎರಡು ತಟ್ಟೇಲೂ ಒಂದು ಗೀಟು ಇದೆ. ಇವೆರಡನ್ನೂ ಕೂಡಿಸಿದ್ರೆ ಸರಿಯಾಗಿ ನಡುವೆ ಬರುತ್ತೆ, ನಮಗೆ ಬೇಕಾದ ಕಡೇನೇ! ಕಂಪನಿಯವರು ಆ ಕಾಲದಲ್ಲೇ ಹಾಕಿಟ್ಟಿದ್ದಾರೆ ನೋಡಿ. ಎಂಥ ತಲೆ ಇದ್ದಿರಬೇಕು ಅವರಿಗೆ." ಮಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಭೇಷ್" ಎಂದರು. "ಆಗಿನವರ ಕೆಲಸವೇ ಕೆಲಸ. ಎಷ್ಟು ನಯವಾಗಿ ಎಳೆದಿದ್ದಾನೆ ನೋಡು."

"ಅದು ಕಂಪನಿದಲ್ಲ" ಅಂದ ಅವನು. "ಆ ಗೀಟು ನಂದು."

ಹೇಳಿದ್ದು ತಾನೇ ಎಂದು ಅರಿವಾಗುವಷ್ಟರಲ್ಲಿ ಮಾತು ಶೆಡ್ಡಿನ ತಗಡಿಗೆ ಮುಟ್ಟಿ ಆಗಿತ್ತು. ಪಶ್ಚಾತ್ತಾಪವೇನೂ ಬಂದಿರಲಿಲ್ಲ, ಭೇಷ್ ಎಂಬುದು ಯಾವನೋ ಸತ್ತ ಕಂಪನಿಯವನ ಪಾಲಾಗುವುದನ್ನು ಸಹಿಸಲಾಗಲಿಲ್ಲ, ಅಷ್ಟೇ. ಷಡ್ಡಕ ನಗುಮುಖದಲ್ಲೇ ತಲೆ ಎತ್ತಿದ. "ನಿಮ್ಮದಾ ಭಾವ? ಯಾವಾಗ ಹಾಕಿದ್ರಿ, ಹಿಂದೆ ಯಾವಾಗಲೋ?" ಹಿಂದೆ ಯಾವಾಗಲೋ ಅನ್ನಬಹುದಿತ್ತು. ಬಾಗಿಲು ಇನ್ನೂ ಸಂದಿಯಷ್ಟು ತೆರೆದಿತ್ತು. "ಗುರುವಾರ" ಅಂದ. "ತೂತು ಕೊರೆಯೋಕೆ ಮುಂಚೆ."

ಷಡ್ಡಕ ಗೀಟನ್ನು ನೋಡಿದ, ಪಿನ್ನನ್ನು ನೋಡಿದ. ನಡುವಿನ ಅಂತರ ಒಂದು ಅಕ್ಕಿಕಾಳಿನಷ್ಟು. ನಗು ಮುಖದಿಂದ ಇಳಿಯಲು ಅಷ್ಟೇ ಹೊತ್ತು ಹಿಡಿಯಿತು. ನಾದಿನಿ "ಏನದು?" ಎಂದು ಕೇಳಿದಳು. ಮಾವ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸತೊಡಗಿದರು. ಒರೆಸಿ ಮುಗಿದ ಮೇಲೂ ಒರೆಸಿದರು. ಹೆಂಡತಿ ಒಳಗೆ ಬಂದು, ನೆಲದಲ್ಲಿ ಬಿದ್ದಿದ್ದ ಟವೆಲನ್ನು ಎತ್ತಿ, ಕೊಡವಿ, ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಳು. ಗುರುವಾರದಿಂದ ಮುಖ ಯಾಕೆ ಹಾಗಿತ್ತೆಂದು ಅವಳಿಗೆ ಈಗ ತಿಳಿದಿತ್ತು, ಮತ್ತೆ ಕೇಳುವುದಿಲ್ಲ. "ಮಾಡೋರು ಯಾರು ಈಗ?" ಎಂದು ಮಾವ ಕೊನೆಗೆ ಕೇಳಿದರು, ಯಾರ ಕಡೆಗೂ ನೋಡದೆ. ಷಡ್ಡಕ ಡ್ರಿಲ್ಲನ್ನು ಅಟ್ಟದಿಂದ ಇಳಿಸಿ ಬೆಂಚಿನ ಮೇಲಿಟ್ಟು ಪಕ್ಕಕ್ಕೆ ಸರಿದು ನಿಂತ. "ಯಾವ ಸೈಜು?" ಎಂದ. ಅಷ್ಟೇ.

ಅವನು ಪಿನ್ ಹೊರಗೆ ಹೊಡೆದ, ಸ್ಪ್ರಿಂಗಿನ ವಿರುದ್ಧ ತಟ್ಟೆಯನ್ನು ಹೆಬ್ಬೆರಳಿಂದ ತಳ್ಳಿ ಗೀಟಿಗೆ ಗೀಟು ಕೂಡಿಸಿದ. ಷಡ್ಡಕ ಟಾರ್ಚ್ ಹಿಡಿದ; ಬೆಳಕು ಬೇಕಾದಲ್ಲೇ ಬಿದ್ದಿತ್ತು, ಒಂದಿಷ್ಟೂ ನಡುಗಲಿಲ್ಲ. ಹೊಸ ತೂತು ಕೊರೆದು ಪಿನ್ ಹೊಡೆದ ಮೇಲೂ ಹಳೆಯ ತೂತು ಪಕ್ಕದಲ್ಲೇ ಕಣ್ಣು ತೆರೆದು ಕುಳಿತಿತ್ತು. ಅದನ್ನು ತುಂಬಿ ಸವರಬಹುದೇ ಎಂದು ಕೈ ಒಮ್ಮೆ ಯೋಚಿಸಿತು. ಡಿಸ್ಟ್ರಿಬ್ಯೂಟರ್ ಕೂರಿಸಿ ಆದ ಮೇಲೆ ಮಾವ, "ನೀವೇ ಓಡಿಸಿ" ಎಂದು ಕೀಲಿಕೈ ಕೊಟ್ಟರು. ಶಿಕ್ಷೆಯೋ ಮರ್ಯಾದೆಯೋ ತಿಳಿಯಲಿಲ್ಲ. ಮಾವ ಮುಂದೆ ಕುಳಿತರು. ಲ್ಯಾಪ್‌ಟಾಪ್ ಹಿಡಿದು ಹಿಂದೆ ಟೂಲ್ ಪೆಟ್ಟಿಗೆಯ ಪಕ್ಕ ಮೊಣಕಾಲು ಮಡಿಸಿ ಷಡ್ಡಕ ಕುಳಿತ.

ಟ್ಯಾಂಕಿನ ರಸ್ತೆಯಲ್ಲಿ ಅವನು ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದ, ಆಮೇಲೆ ಇನ್ನೂ ಒತ್ತಿದ. ದೊರೆಸಾನಿ ದಾರ ಎಳೆದ ಹಾಗೆ ಹೋದಳು. ಕೆಮ್ಮಿಲ್ಲ, ಬಿಕ್ಕಳಿಕೆಯಿಲ್ಲ. ಪ್ರತಿ ಕಿಡಿಯೂ ತನ್ನ ಗೀಟಿನ ಪ್ರಕಾರ, ತನ್ನ ಕೈಯ ಲೆಕ್ಕದ ಪ್ರಕಾರ ಗೂಟ ಮುಟ್ಟುತ್ತಿತ್ತು. ದಿಣ್ಣೆ ಏರುವಾಗ ತನ್ನ ಕಿವಿ ಏನನ್ನೋ ಕಾಯುತ್ತಿದೆ ಎಂಬುದು ಅವನ ಗಮನಕ್ಕೆ ಬಂತು. ಗಮನವಿಟ್ಟು ನೋಡಿದರೆ, ಅದು ಈಗಲೂ ಚಟ್ ಎಂಬ ಸದ್ದನ್ನೇ ಕಾಯುತ್ತಿತ್ತು: ಒಂದೇ ಒಂದು ಸಲ ತಪ್ಪಲಿ, ಇಷ್ಟೆಲ್ಲ ಆದ ಮೇಲೂ. ತಪ್ಪಲಿಲ್ಲ. ಕನ್ನಡಿಯಲ್ಲಿ ಷಡ್ಡಕನ ಹಣೆ ಮಾತ್ರ ಕಾಣುತ್ತಿತ್ತು, ಅದರ ಮೇಲೆ ಹಸಿರು ಅಂಕಿಗಳ ಬೆಳಕು. "ಸರಿಯಿದೆಯಾ?" ಎಂದು ಅವನು ಕನ್ನಡಿಗೆ ಕೇಳಿದ. "ಸರಿಯಿದೆ" ಎಂಬ ಉತ್ತರ ಬಂತು. ಅದರ ಹಿಂದೆ ಬರಬೇಕಾದ ಆ ಇನ್ನೊಂದು ಪದಕ್ಕಾಗಿ, ಕತ್ತಿನ ಮೇಲೆ ಕೂರುವ ಆ ನೊಣಕ್ಕಾಗಿ, ದಿಣ್ಣೆಯ ತುದಿಯವರೆಗೂ ಕಾದ.